ಹವಾಮಾನ ಬದಲಾವಣೆ ಮತ್ತು ಕೊಡಗಿನ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಇಬ್ಬರು ಸಿಕ್ಕರೆ ಮೊದಲ ಮಾತು ಮಳೆಯದ್ದು. "ನಿಮ್ಮಲ್ಲಿ ಎಷ್ಟಾಯ್ತು?" ಅಂದರೆ "ಒಂದು ಇಂಚು ನಲವತ್ತು ಸೆಂಟ್" ಅಂತ ಥಟ್ಟನೆ ಉತ್ತರ ಬರುತ್ತದೆ. ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಭಾಗ. ನಾನು ಸುಂಟಿಕೊಪ್ಪದ ಹತ್ತಿರದ ಒಂದು ಸಣ್ಣ ಕಾಫಿ ತೋಟದ ಮನೆಯವಳು. ನಮ್ಮ ಮಾವ ನಲವತ್ತು ವರ್ಷಕ್ಕೂ ಜಾಸ್ತಿ ಕಾಲ ದಿನದಿನದ ಮಳೆ ಅಳೆದು ಮಳೆ ಪುಸ್ತಕದಲ್ಲಿ ಬರೆದರು. ಈಗ ನಾನು ಬರೆಯುತ್ತೇನೆ. ಆ ಪುಸ್ತಕದ ದೆಸೆಯಿಂದಲೇ ಸಂಘದ ಸಭೆಯಲ್ಲಿ, ಶಾಲೆಯಲ್ಲಿ, ಮದುವೆ ಮನೆಯಲ್ಲಿ ಎಲ್ಲರೂ ನನ್ನನ್ನು ಈ ಪ್ರಶ್ನೆಗಳನ್ನು ಕೇಳುತ್ತಾರೆ. ಗೊತ್ತಿದ್ದಷ್ಟನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹವಾಮಾನ ಬದಲಾವಣೆ ಅಂದರೆ ಸರಳವಾಗಿ ಏನು?

ಚಳಿಗಾಲದ ರಾತ್ರಿ ಮೋಡ ಕವಿದರೆ ಚಳಿ ಅಷ್ಟಾಗಿ ಇರುವುದಿಲ್ಲ. ಆಕಾಶ ತಿಳಿಯಾಗಿದ್ದರೆ ಹಲ್ಲು ಕಟಕಟ ಅನ್ನುವ ಚಳಿ. ಮೋಡವು ನೆಲದ ಶಾಖವನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ, ಅದಕ್ಕೆ ಹೀಗೆ. ಇಂಗಾಲದ ಡೈಆಕ್ಸೈಡ್ ಎಂಬ ಅನಿಲವೂ ಇಂಥದ್ದೇ ಕೆಲಸ ಮಾಡುತ್ತದೆ. ಆದರೆ ಮೋಡ ಬೆಳಗಾದರೆ ಚದುರುತ್ತದೆ. ಈ ಅನಿಲ ನೂರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ.

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್ ಸುಟ್ಟಾಗ ಅದು ಹೊರಬರುತ್ತದೆ. ಕಾಡು ಕಡಿದಾಗಲೂ ಬರುತ್ತದೆ. ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇದ್ದದ್ದು ಈಗ 420 ದಾಟಿದೆ. ಭೂಮಿ ಬಿಸಿಯಾಗುತ್ತಿರುವುದು ಇದರಿಂದ. ಅಳತೆ ಇಡಲು ಶುರುವಾದ ಮೇಲೆ 2024 ಅತಿ ಬಿಸಿಯ ವರ್ಷ. ಹಳೆಯ ಸರಾಸರಿಗಿಂತ ಸುಮಾರು 1.5 ಡಿಗ್ರಿ ಜಾಸ್ತಿ.

ಕನ್ನಡದಲ್ಲಿ ಒಂದು ತೊಡಕಿದೆ. ಇವತ್ತಿನ ಬಿಸಿಲು-ಮಳೆಗೂ ಹವಾಮಾನ ಅಂತೇವೆ, ಮೂವತ್ತು ವರ್ಷದ ಸರಾಸರಿಗೂ ಹವಾಮಾನ ಅಂತಲೇ ಅಂತೇವೆ. ಹಾಗಾಗಿ ಈ ಜನವರಿಯಲ್ಲಿ ಚಳಿ ಜೋರಾಗಿತ್ತು, ಭೂಮಿ ಎಲ್ಲಿ ಬಿಸಿಯಾಯ್ತು ಅಂತ ಕೇಳುವವರಿದ್ದಾರೆ. ಒಂದು ಜನವರಿಯನ್ನು ನೋಡಿ ಹೇಳುವ ಮಾತಲ್ಲ ಇದು. ಪುಸ್ತಕದ ಎಲ್ಲ ಜನವರಿಗಳನ್ನೂ ಒಟ್ಟಿಗೆ ನೋಡಬೇಕು.

ಹಾಗಾದರೆ ಕೊಡಗಿನಲ್ಲಿ ಮಳೆ ಜಾಸ್ತಿಯಾಗುತ್ತದೋ, ಕಡಿಮೆಯಾಗುತ್ತದೋ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ವರ್ಷದ ಒಟ್ಟು ಲೆಕ್ಕವೊಂದನ್ನೇ ಹಿಡಿದು ಕೂತರೆ ಉತ್ತರ ಸಿಗುವುದಿಲ್ಲ. ಮಾವನ ಪುಸ್ತಕದಲ್ಲಿ ಹಳೆಯ ಜುಲೈ ತಿಂಗಳ ಪುಟ ತೆರೆದರೆ ದಿನ ಬಿಟ್ಟು ದಿನ ಅಲ್ಲ, ದಿನವೂ ಮಳೆ. ಅರ್ಧ ಇಂಚು, ಮುಕ್ಕಾಲು ಇಂಚು, ಒಂದು ಇಂಚು. ಇಡೀ ಪುಟ ತುಂಬಿದೆ. ಈಚಿನ ಪುಟಗಳಲ್ಲಿ ಒಂದು ವಾರ ಸೊನ್ನೆ, ಆಮೇಲೆ ಮೂರೇ ದಿನದಲ್ಲಿ ತಿಂಗಳ ಮಳೆ. ಕೂಡಿಸಿದರೆ ಕೆಲವೊಮ್ಮೆ ಒಟ್ಟು ಒಂದೇ ಬರುತ್ತದೆ. ಆದರೆ ನೆಲಕ್ಕೆ ಅದು ಒಂದೇ ಅಲ್ಲ. ನಿಧಾನವಾಗಿ ಬಿದ್ದದ್ದು ಇಂಗುತ್ತದೆ. ಒಮ್ಮೆಲೆ ಸುರಿದದ್ದು ಮಣ್ಣನ್ನೂ ಎಳೆದುಕೊಂಡು ಹೊಳೆಗೆ ಹೋಗುತ್ತದೆ.

ಕಾರಣ ಕಷ್ಟದ್ದೇನಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಅರಬ್ಬಿ ಸಮುದ್ರವೂ ಬಿಸಿಯಾಗುತ್ತಿದೆ. ಅಲ್ಲಿಂದ ಬರುವ ಮೋಡ ಮೊದಲು ತಾಗುವುದೇ ನಮ್ಮ ಪಶ್ಚಿಮ ಘಟ್ಟಕ್ಕೆ. ಹೊತ್ತು ತಂದದ್ದನ್ನು ಒಂದೇ ಸಲಕ್ಕೆ ಸುರಿಯುತ್ತದೆ. 2023ರ ಆಗಸ್ಟ್ ತಿಂಗಳು 1901ರಿಂದ ಈಚೆಗೆ ದೇಶದ ಅತಿ ಒಣ ಆಗಸ್ಟ್. ಮರುವರ್ಷ ಜುಲೈ 30ಕ್ಕೆ ನಮ್ಮ ಪಕ್ಕದ ವಯನಾಡಿನಲ್ಲಿ ಗುಡ್ಡ ಜಾರಿ ಇನ್ನೂರಕ್ಕೂ ಹೆಚ್ಚು ಜನ ಹೋದರು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ವಾಡಿಕೆಯ ದಿನ ಜೂನ್ 1. ಮೂರು ವರ್ಷ, ಮೂರು ಬಗೆ.

ಹಿಂದೆಯೂ ದೊಡ್ಡ ಮಳೆ ಬಂದಿತ್ತಲ್ವಾ? 1924ರ ಪ್ರವಾಹದ ಬಗ್ಗೆ ಹಿರಿಯರು ಹೇಳುತ್ತಿದ್ದರು.

ಬಂದಿತ್ತು, ಖಂಡಿತ. 1924ರ ಜುಲೈಯಲ್ಲಿ ಕಾವೇರಿ ಉಕ್ಕಿ ಹರಿದದ್ದು ನಿಜ. ಹವಾಮಾನ ಬದಲಾವಣೆ ಹೊಸದಾಗಿ ಮಳೆಯನ್ನು ಹುಟ್ಟಿಸುವುದಿಲ್ಲ. ಬರುವ ಮಳೆಯನ್ನು ಇನ್ನಷ್ಟು ಜೋರು ಮಾಡುತ್ತದೆ. ಅಂಥ ಮಳೆ ಮತ್ತೆ ಮತ್ತೆ ಬರುವಂತೆ ಮಾಡುತ್ತದೆ. ವಯನಾಡಿನ ಆ ದಿನದ ಮಳೆಯನ್ನು ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. ಭೂಮಿ ಬಿಸಿಯಾದದ್ದರಿಂದ ಆ ಮಳೆ ಸುಮಾರು ಶೇ 10ರಷ್ಟು ಜೋರಾಗಿತ್ತು ಎಂದು ಹೇಳಿತು. ಹತ್ತು ಪರ್ಸೆಂಟ್ ಅಂದರೆ ಸ್ವಲ್ಪ ಅನ್ನಿಸಬಹುದು. ಆದರೆ ನೀರು ಕುಡಿದು ತುಂಬಿ ನಿಂತ ಗುಡ್ಡಕ್ಕೆ ಅಷ್ಟು ಸಾಕು.

2018ರಲ್ಲಿ ಗುಡ್ಡ ಕುಸಿದದ್ದು ಮಳೆಯಿಂದಲೋ, ನಮ್ಮಿಂದಲೋ?

ಎರಡರಿಂದಲೂ. ಆ ಆಗಸ್ಟ್ ನಡುವಿನ ಆಶ್ಲೇಷ ಮಳೆಯನ್ನು ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲದ ಜನ ಯಾರೂ ಮರೆತಿಲ್ಲ. ನಮ್ಮ ಪುಸ್ತಕದಲ್ಲಿ ಆ ವಾರ ಮಾವನ ಅಕ್ಷರವೇ ಬದಲಾಗಿದೆ. ಮಳೆ ಮಾಪಕದ ಒಳಗಿನ ಬಾಟಲಿ ತುಂಬಿ ಹೊರಗಿನ ಡಬ್ಬಿಗೂ ನೀರು ಇಳಿದಿತ್ತು. ಅಳೆಯಲು ಹೋದವರ ಕೈ ನಡುಗುತ್ತಿತ್ತು. ಅಂಕೆಯ ಪಕ್ಕದಲ್ಲಿ ಒಂದೇ ಪದ ಬರೆದಿದ್ದಾರೆ: "ಶಬ್ದ." ಗುಡ್ಡದ ಕಡೆಯಿಂದ ಬಂದ ಶಬ್ದ ಅದು.

ಆ ನಂತರ ನೋಡಲು ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ವಿಪರೀತ ಮಳೆಯ ಜೊತೆಗೆ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಹೇಳಿದರು. ಮನೆಗೆ, ರಸ್ತೆಗೆ ಅಂತ ಬರೆಯನ್ನು, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿಯನ್ನು, ನೆಟ್ಟಗೆ ಕಡಿಯುತ್ತೇವೆ. ಕೆಳಗಿನ ಆಧಾರ ಹೋದ ಮೇಲೆ ಮೇಲಿನ ಮಣ್ಣು ಯಾವುದನ್ನು ನೆಚ್ಚಿ ನಿಲ್ಲಬೇಕು? 2019ರಲ್ಲಿ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿ. ಸಾಲಾಗಿ ಮೂರು ಆಗಸ್ಟ್‌ಗಳು ನಮ್ಮಿಂದ ಜೀವಗಳನ್ನು ಕಿತ್ತುಕೊಂಡವು.

ಮಳೆಯನ್ನು ನಿಲ್ಲಿಸುವುದು ನಮ್ಮ ಕೈಲಿಲ್ಲ. ಬರೆ ನಮ್ಮ ಕೈಲಿದೆ. ಕೊಡಗಿನ ಮನೆಯವರು ಏನು ಮಾಡಬಹುದು ಅಂತ ಯಾರು ಕೇಳಿದರೂ ನಾನು ಕರೆಂಟ್ ಉಳಿಸುವ ಬಲ್ಬಿನಿಂದ ಶುರು ಮಾಡುವುದಿಲ್ಲ. ಬರೆಯಿಂದ ಶುರು ಮಾಡುತ್ತೇನೆ.

ಮನೆ ಹಿಂದಿನ ಬರೆಯನ್ನು ಹೇಗೆ ನೋಡಿಕೊಳ್ಳಬೇಕು?

ಮಳೆಗಾಲಕ್ಕೆ ಮುಂಚೆ, ಏಪ್ರಿಲ್-ಮೇಯಲ್ಲಿ, ಮನೆಯವರೆಲ್ಲ ಒಮ್ಮೆ ಬರೆಯ ತಲೆಯವರೆಗೆ ಹತ್ತಿ ನೋಡಿ. ಕೆಳಗೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಮೇಲೆ ನೆಲದಲ್ಲಿ ಬಿಲ್ಲಿನ ಹಾಗೆ ಬಾಗಿದ ಬಿರುಕು ಇದೆಯಾ? ನೆಟ್ಟಗಿದ್ದ ಮರ, ಕರೆಂಟ್ ಕಂಬ, ಬೇಲಿ ವಾಲಿದೆಯಾ? ಗೋಡೆಯಲ್ಲಿ, ಅಂಗಳದಲ್ಲಿ ಹೊಸ ಸೀಳು ಬಂದಿದೆಯಾ? ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯಾ? ಇವೆಲ್ಲ ನೆಲ ಕೊಡುವ ಸುಳಿವು.

ಬಿರುಕು ಕಂಡರೆ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ಮುಚ್ಚಿ, ನೀರು ಒಳಗೆ ಇಳಿಯಬಾರದು. ಪಂಚಾಯಿತಿಗೆ ತಿಳಿಸಿ. ಬರೆಯ ಮೇಲಿಂದ ಬರುವ ನೀರಿಗೆ ಪಕ್ಕದಿಂದ ಚರಂಡಿ ಮಾಡಿ, ತೋಡಿಗೆ, ಅಂದರೆ ಹತ್ತಿರದ ಸಣ್ಣ ಹಳ್ಳಕ್ಕೆ, ಬಿಡಿ. ತೋಡನ್ನು ಮುಚ್ಚಿ ಅದರ ಮೇಲೆ ಏನನ್ನೂ ಕಟ್ಟಬೇಡಿ. ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. ಬರೆಯ ಮೇಲಿನ ಹುಲ್ಲು, ಕುರುಚಲು ಗಿಡ ಚೊಕ್ಕವಾಗಿ ಕಾಣಲಿ ಅಂತ ಕೆತ್ತಿಸಬೇಡಿ. ಲಾವಂಚ ನೆಡಿ, ಅದರ ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ.

ಇಂಗು ಗುಂಡಿಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ನೀರು ಇಂಗಿಸುವುದು ಒಳ್ಳೆಯದೇ. ಆದರೆ ಎಲ್ಲ ಕಡೆಯೂ ಅಲ್ಲ. ಕಡಿದಾದ ಇಳಿಜಾರಿನಲ್ಲಿ, ಮನೆಯ ಮೇಲ್ಗಡೆ ಗುಂಡಿ ತೋಡಿದರೆ ಗುಡ್ಡಕ್ಕೆ ನೀವೇ ನೀರು ಕುಡಿಸಿದ ಹಾಗೆ. ಇಂಗು ಗುಂಡಿ, ಕಾಫಿ ಸಾಲಿನ ನಡುವೆ ನೀರು ನಿಲ್ಲಲು ತೋಡುವ ತೊಟ್ಟಿಲು ಗುಂಡಿ ಎಲ್ಲ ಸಮತಟ್ಟು ಜಾಗದಲ್ಲಿ, ಸಣ್ಣ ಇಳುಕಲಿನಲ್ಲಿ ಮಾತ್ರ ಇರಲಿ.

ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಅಂದಾಗ ಏನು ಮಾಡಬೇಕು?

ಹವಾಮಾನ ಇಲಾಖೆಯ ಲೆಕ್ಕವನ್ನು ನಮ್ಮ ಇಂಚಿಗೆ ತಂದುಕೊಂಡರೆ ಅರ್ಥವಾಗುತ್ತದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್, ಅಂದರೆ ಎರಡೂವರೆ ಇಂಚು ದಾಟಿದರೆ ಭಾರಿ ಮಳೆ. 204.4 ಮಿಲಿಮೀಟರ್, ಅಂದರೆ ಎಂಟು ಇಂಚು ದಾಟಿದರೆ ಅತ್ಯಂತ ಭಾರಿ ಮಳೆ. ರೆಡ್ ಅಲರ್ಟ್ ಅಂದರೆ ಎಂಟು ಇಂಚಿನವರೆಗೂ, ಅದಕ್ಕಿಂತ ಮೇಲೂ ಬರಬಹುದು ಅಂತ ತಿಳಿದು ಸಿದ್ಧವಾಗಿ.

ಬರೆಯ ಕೆಳಗೆ ಮನೆ ಇದ್ದವರು ಹಗಲಿನಲ್ಲೇ ಹೊರಡಿ. ರಾತ್ರಿ ನೋಡೋಣ ಅನ್ನಬೇಡಿ. ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತುಂಬಿ ಹರಿಯುತ್ತಿದ್ದ ತೋಡು ಒಮ್ಮೆಲೆ ಬತ್ತಿದರೆ, ಗುಡುಗಲ್ಲದ ಗುಡುಗು ಕೇಳಿದರೆ ಸಾಮಾನು ಕಟ್ಟುತ್ತಾ ಕೂರಬೇಡಿ. ಆಧಾರ್, ರೇಷನ್ ಕಾರ್ಡ್, ಆರ್‌ಟಿಸಿ, ಮಾತ್ರೆ, ಟಾರ್ಚ್, ಚಾರ್ಜ್ ಆದ ಪವರ್ ಬ್ಯಾಂಕ್ ಇವೆಲ್ಲ ಜೂನ್ ತಿಂಗಳಿಂದಲೇ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ಇರಲಿ. ಜಿಲ್ಲಾ ಕಂಟ್ರೋಲ್ ರೂಮ್ ನಂಬರ್ 1077, ತುರ್ತು ನಂಬರ್ 112. ಇವನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ. ನೆಟ್‌ವರ್ಕ್ ಹೋದಾಗ ಪಕ್ಕದ ಮನೆಯವರೇ ದಿಕ್ಕು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಲ್ಲಿ ಜೀಪ್ ಇದೆ ಅಂತ ಮೊದಲೇ ಮಾತಾಡಿಕೊಂಡಿರಿ.

ಕಾಫಿಗೆ ಏನಾಗುತ್ತಿದೆ?

ಕಾಫಿ ಗಿಡ ಮಳೆಯ ಹೊತ್ತು ನೋಡಿ ಬದುಕುವ ಗಿಡ. ಫೆಬ್ರವರಿ-ಮಾರ್ಚ್‌ನಲ್ಲಿ ಸುಮಾರು ಒಂದು ಇಂಚು ಹೂಮಳೆ, ಅಂದರೆ ಹೂ ಅರಳಿಸುವ ಮಳೆ, ಬಂದರೆ ಎಂಟು-ಒಂಬತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಅದರ ಬೆನ್ನಿಗೆ ಇನ್ನೊಂದು ಮಳೆ, ಬಂದರೆ ಕಾಯಿ ಕಚ್ಚುತ್ತದೆ. ಹೂಮಳೆ ಮೂವತ್ತು-ನಲವತ್ತು ಸೆಂಟ್‌ಗೆ ನಿಂತರೆ ಮೊಗ್ಗು ಅರ್ಧ ಬಿರಿದು ಸುಟ್ಟು ಹೋಗುತ್ತದೆ. ಹೂ ಅರಳಿದ ದಿನವೇ ಮಳೆ ಹೊಡೆದರೂ ಕಷ್ಟ. ನಮ್ಮಲ್ಲಿ ರೊಬಸ್ಟಾ, ಅರೇಬಿಕಾ ಅಂತ ಕಾಫಿಯಲ್ಲಿ ಎರಡು ಜಾತಿ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಒದ್ದೆ ಹೂವಿಗೆ ಜೇನು ಬರುವುದಿಲ್ಲ.

ಈಗ ಆಗುತ್ತಿರುವುದು ಹೊತ್ತು ತಪ್ಪುವುದು. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ತೋಟದಲ್ಲೇ ಒಂದೇ ರೆಕ್ಕೆಯಲ್ಲಿ (ಕಾಫಿ ಗಿಡದ ಕೊಂಬೆಯಲ್ಲಿ) ಹಣ್ಣೂ ಹೂವೂ ಒಟ್ಟಿಗೆ ಕಂಡಿದ್ದೇನೆ. ಕೊಯ್ಲಿನ ಹೊತ್ತಿಗೆ ಮಳೆ ಬಂದು ಬೇಡದ ಹೂ ಅರಳಿತ್ತು. ಕೊಯ್ಯುವವಳು ಬುಟ್ಟಿ ಕಟ್ಟಿಕೊಂಡು ನಿಂತು "ಅಕ್ಕ, ಇದನ್ನು ಹೇಗೆ ಕೊಯ್ಯೋದು?" ಅಂತ ಕೇಳಿದಳು. ಹಣ್ಣು ಎಳೆದರೆ ಮುಂದಿನ ವರ್ಷದ ಹೂ ಉದುರುತ್ತದೆ. ಬಿಟ್ಟರೆ ಹಣ್ಣು ನೆಲಕ್ಕೆ. ಕಣದಲ್ಲಿ ಒಣಗಲು ಹರವಿದ ಚೆರಿಗೆ (ಕಾಫಿ ಹಣ್ಣಿಗೆ) ಟಾರ್ಪಾಲ್ ಹೊದಿಸುವುದು, ತೆಗೆಯುವುದು, ಇದೇ ಆಗಿತ್ತು ಆ ಹದಿನೈದು ದಿನ. ಬಿಸಿಲು ಸಾಲದೆ ಬೂಸ್ಟು ಹಿಡಿದದ್ದನ್ನು ಕಡಿಮೆ ದರಕ್ಕೆ ಕೊಟ್ಟೆವು.

ಅರೇಬಿಕಾಕ್ಕೆ ಇನ್ನೂ ಕಷ್ಟ. ಅದಕ್ಕೆ ತಂಪು ಬೇಕು. ಬಿಸಿಲು ಬಿದ್ದ ಕಾಂಡದ ಮೇಲೆಯೇ ಬಿಳಿ ಕಾಂಡ ಕೊರಕ ಎಂಬ ಕೀಟ ಮೊಟ್ಟೆ ಇಡುತ್ತದೆ. ನೆರಳು ಹೋದ ಕಡೆ ಕೊರಕ ಜಾಸ್ತಿ.

ಹಾಗಾದರೆ ನೆರಳಿಗೆ ಸಿಲ್ವರ್ ಓಕ್ ಮರ ನೆಡಬಾರದಾ? ಮೆಣಸು ಹಬ್ಬಿಸಲು ಅದೇ ಸುಲಭ ಅಲ್ವಾ?

ಸುಲಭ ನಿಜ. ನೆಟ್ಟಗೆ ಬೆಳೆಯುತ್ತದೆ, ಬೇಗ ದುಡ್ಡಾಗುತ್ತದೆ, ಮಾರಲು ತಲೆನೋವು ಕಡಿಮೆ. ಮಕ್ಕಳ ಫೀಸಿಗೆ ಅಂತ ನೆಟ್ಟವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಇಡೀ ತೋಟ ಅದೊಂದೇ ಆಗಬಾರದು. ಅದು ಆಸ್ಟ್ರೇಲಿಯಾದ ಮರ. ಹಲಸು, ಅತ್ತಿ, ನಂದಿ, ಬೀಟೆ, ಹೊನ್ನೆ ಕೊಡುವಷ್ಟು ಹರಡಿದ ನೆರಳು ಅದಕ್ಕಿಲ್ಲ. ಅತ್ತಿಯ ಎಲೆ ಬಿದ್ದು ಬೇಗ ಗೊಬ್ಬರವಾಗುತ್ತದೆ. ಹಕ್ಕಿ, ಜೇನು ಬರುತ್ತವೆ. ಕಾಡುಮರ ಸತ್ತ ಜಾಗಕ್ಕೆ ಕಾಡುಮರವನ್ನೇ ಇಡಿ, ಓಕ್ ಇಡಬೇಡಿ. ಕಪಾತು ಮಾಡಿಸುವಾಗ, ಅಂದರೆ ಮರದ ಕೊಂಬೆ ಸವರಿಸುವಾಗ, ಪೂರ್ತಿ ಬೋಳಿಸದೆ ಕೊಂಬೆ ಬಿಡಿ.

ಯಾವ ಸಸಿ ನೆಡಬೇಕು ಅಂತ ತಿಳಿಯಲು ದೂರ ಹೋಗಬೇಕಾಗಿಲ್ಲ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಈ ನೆಲಕ್ಕೆ ಯಾವ ಮರ ಒಗ್ಗುತ್ತದೆ ಅಂತ ತಿಳಿಯಬೇಕಿದ್ದರೆ ನಿಮ್ಮೂರಿನ ದೇವರಕಾಡಿನ ಅಂಚಿಗೆ ಹೋಗಿ ತಲೆ ಎತ್ತಿ ನೋಡಿ. ಒಳಗಿನದ್ದನ್ನು ಮಾತ್ರ ಮುಟ್ಟಬೇಡಿ.

ಗದ್ದೆಯಿಂದ ಮೀಥೇನ್ ಬರುತ್ತದಂತೆ. ಗದ್ದೆ ಬಿಟ್ಟರೆ ಭೂಮಿಗೆ ಒಳ್ಳೆಯದಲ್ವಾ?

ನೀರು ನಿಂತ ಗದ್ದೆಯಿಂದ ಮೀಥೇನ್ ಬರುವುದು ನಿಜ. ಅದು ಇಂಗಾಲದ ಡೈಆಕ್ಸೈಡ್‌ಗಿಂತ ಬಹಳ ಜೋರಾಗಿ ಶಾಖ ಹಿಡಿಯುತ್ತದೆ ಅನ್ನುವುದೂ ನಿಜ. ಆದರೆ ಗದ್ದೆ ಬಿಟ್ಟವರು ಅಲ್ಲಿ ಏನು ಮಾಡುತ್ತಾರೆ? ಮಣ್ಣು ತುಂಬಿಸಿ ಸೈಟ್ ಮಾಡುತ್ತಾರೆ. ಮಳೆಗಾಲದಲ್ಲಿ ಗದ್ದೆ ಅಂದರೆ ಒಂದು ದೊಡ್ಡ ತಟ್ಟೆ. ಗುಡ್ಡದಿಂದ ಇಳಿದ ನೀರು ಅಲ್ಲಿ ನಿಂತು, ಇಂಗಿ, ನಿಧಾನವಾಗಿ ಹೊಳೆ ಸೇರುತ್ತದೆ. ಆ ತಟ್ಟೆ ಮುಚ್ಚಿದರೆ ನೀರು ಬೇರೆಯವರ ಮನೆಗೆ ನುಗ್ಗುತ್ತದೆ, ಬೇಸಿಗೆಯಲ್ಲಿ ಕೆಳಗಿನ ಬಾವಿ ಬತ್ತುತ್ತದೆ.

ಗದ್ದೆ ಇರಲಿ. ಮೀಥೇನ್ ಕಡಿಮೆ ಮಾಡಲು ಬೇರೆ ದಾರಿ ಇದೆ. ನಾಟಿ ಬೇರು ಹಿಡಿದ ಮೇಲೆ ನಡುನಡುವೆ ನೀರು ಬಿಟ್ಟು ಮಣ್ಣು ಸ್ವಲ್ಪ ಒಣಗಲು ಬಿಡಿ, ಮತ್ತೆ ನೀರು ಕಟ್ಟಿ. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳ) ಮಳೆಯಲ್ಲಿ ಇದು ಆಗದ ಮಾತು. ಮಳೆ ಬಿಡುವು ಕೊಟ್ಟಾಗ ಮಾಡಬಹುದು.

ರಸಗೊಬ್ಬರಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಗಿಡ ಹೀರದ ಯೂರಿಯಾದ ಸ್ವಲ್ಪ ಭಾಗ ಮಣ್ಣಿನಲ್ಲಿ ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕಿ. ದೊಡ್ಡ ಮಳೆಯ ಮುನ್ಸೂಚನೆ ಇದ್ದಾಗ ಹಾಕಬೇಡಿ. ಕಾಫಿ ಹಣ್ಣು ಸುಲಿದ ಪಲ್ಪಿಂಗ್ ಸಿಪ್ಪೆಯನ್ನು ಗೊಬ್ಬರ ಮಾಡಿ, ಸುಲಿಯುವ ಯಂತ್ರದ (ಪಲ್ಪರ್) ನೀರನ್ನು ತೋಡಿಗೆ ಬಿಡಬೇಡಿ.

ಮನೆಯ ಒಳಗೆ ಯಾವುದರಿಂದ ಜಾಸ್ತಿ ಹೊಗೆ? ಲೆಕ್ಕ ಹೇಳಿ.

ಒಂದು 14.2 ಕೆಜಿ ಗ್ಯಾಸ್ ಸಿಲಿಂಡರ್ ಉರಿದರೆ ಸುಮಾರು 42 ಕೆಜಿ ಇಂಗಾಲದ ಡೈಆಕ್ಸೈಡ್. ಒಂದು ಲೀಟರ್ ಪೆಟ್ರೋಲ್‌ಗೆ 2.3 ಕೆಜಿ, ಡೀಸೆಲ್‌ಗೆ 2.7 ಕೆಜಿ. ಒಂದು ಯೂನಿಟ್ ಕರೆಂಟ್‌ಗೆ ಸುಮಾರು 0.7 ಕೆಜಿ, ಯಾಕೆಂದರೆ ದೇಶದ ಹೆಚ್ಚಿನ ಕರೆಂಟ್ ಇನ್ನೂ ಕಲ್ಲಿದ್ದಲಿನದು.

ಈಗ ನೋಡಿ. ಮಡಿಕೇರಿಯಿಂದ ಮೈಸೂರಿಗೆ ಕಾರಿನಲ್ಲಿ ಹೋಗಿ ಬಂದರೆ ಸುಮಾರು 240 ಕಿಲೋಮೀಟರ್. ಲೀಟರ್‌ಗೆ 15 ಕೊಟ್ಟರೆ 16 ಲೀಟರ್. ಅಂದರೆ ಸುಮಾರು 37 ಕೆಜಿ. ಒಂದೇ ದಿನದ ಮೈಸೂರು ಓಡಾಟ ಹೆಚ್ಚುಕಡಿಮೆ ಒಂದು ಸಿಲಿಂಡರ್‌ಗೆ ಸಮ! ಈ ಲೆಕ್ಕ ಮೊದಲ ಸಲ ಹಾಕಿದಾಗ ನಾನೇ ಎರಡು ಸಲ ಕೂಡಿಸಿ ನೋಡಿದೆ. ನಮ್ಮ ಜಿಲ್ಲೆಗೆ ರೈಲಿಲ್ಲ, ಒಳಗಿನ ಊರಿಗೆ ಬಸ್ಸು ಕಡಿಮೆ, ಗೊತ್ತು. ಆದರೂ ಒಬ್ಬರೇ ಹೋಗುವಾಗ ಬಸ್ಸು ಹಿಡಿಯಬಹುದು. ಮೂರು ಕೆಲಸ ಒಂದೇ ದಿನಕ್ಕೆ ಸೇರಿಸಬಹುದು. ಪಕ್ಕದ ಮನೆಯವರನ್ನೂ ಕೂರಿಸಿಕೊಳ್ಳಬಹುದು.

ಸ್ನಾನದ ಹಂಡೆಗೆ ತೋಟದ್ದೇ ಕಪಾತಿನ ಸೌದೆ ಉರಿಸುವವರು ಚಿಂತೆ ಮಾಡಬೇಕಾಗಿಲ್ಲ. ಸೌದೆ ಒಣಗಿರಲಿ, ಹೊಗೆ ಹೋಗಲು ದಾರಿ ಇರಲಿ. ಉಳಿದ ಅನ್ನ, ತರಕಾರಿ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ. ತೋಟದ ಒಣ ಎಲೆಗೆ ಬೆಂಕಿ ಹಾಕಬೇಡಿ.

ಇಷ್ಟು ಮಳೆಯ ಊರಿನಲ್ಲಿ ಸೋಲಾರ್ ನಡೆಯುತ್ತಾ?

ನಡೆಯುತ್ತದೆ, ಆದರೆ ವರ್ಷವಿಡೀ ಒಂದೇ ಥರ ಅಲ್ಲ. ಒಳ್ಳೆಯ ಬಿಸಿಲಿದ್ದರೆ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಜುಲೈಯಲ್ಲಿ ಅದರ ಆಸೆ ಬಿಡಿ. ಮಳೆ ಕಡಿಮೆ ಇರುವ ಕುಶಾಲನಗರದ ಕಡೆಯವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮಳೆ ಜಾಸ್ತಿ ಇರುವ ಭಾಗಮಂಡಲದ ಕಡೆಯವರು ಮೊದಲು ನೀರು ಕಾಯಿಸುವ ಸೋಲಾರ್ ಯೋಚಿಸಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇಟ್ಟಿದ್ದಾರೆ. ನಮಗೆ ಕರೆಂಟ್ ಕೊಡುವ ಚೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ.

ಮಳೆಗಾಲದಲ್ಲಿ ಮುಳುಗುವ ನಾವು ಏಪ್ರಿಲ್‌ನಲ್ಲಿ ಟ್ಯಾಂಕರ್ ಕಾಯುವುದು ಯಾಕೆ?

ಬಿದ್ದದ್ದು ನಿಲ್ಲುತ್ತಿಲ್ಲ, ಅದಕ್ಕೆ. ಸಾವಿರ ಚದರ ಅಡಿ ಚಾವಣಿಗೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರು. ಹೆಂಚಿನ ಮನೆಯ ಸೂರಿಗೆ ನೀರು ಹಿಡಿಯುವ ದೋಣಿ ಕಟ್ಟಿ, ಸೋಸಿ, ಟ್ಯಾಂಕಿಗೋ ಸಮತಟ್ಟಿನಲ್ಲಿರುವ ಬಾವಿಗೋ ಬಿಡಿ. ಹಳೆಯ ಕೆರೆ ಇದ್ದರೆ ಹೂಳು ತೆಗೆಸಿ. ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್‌ಗೆ ಹೊಳೆಯ ನೀರನ್ನೇ ಎಲ್ಲರೂ ಎಳೆದರೆ ಕೆಳಗಿನ ಊರಿಗೆ ಕುಡಿಯಲೂ ಉಳಿಯುವುದಿಲ್ಲ.

ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲು ಮನೆಯಲ್ಲಿ) ಇರುವವರು ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತೋಟದ ಮಾಲೀಕರು. ನಾನೂ ಅವರಲ್ಲಿ ಒಬ್ಬಳು. ಲೈನ್ ಮನೆ ಬರೆಯ ಬುಡದಲ್ಲಿ, ತೋಡಿನ ದಂಡೆಯಲ್ಲಿ ಇದ್ದರೆ ಅದನ್ನು ಬೇರೆ ಕಡೆ ಕಟ್ಟಿಕೊಡುವುದು ನಮ್ಮ ಕೆಲಸ. ಮೂರು ದಿನ ಜಡಿಮಳೆ ಬಂದರೆ ಕೂಲಿ ಇಲ್ಲ, ಅಡುಗೆ ಇಲ್ಲ. ಹವಾಮಾನ ಕೆಟ್ಟಾಗ ಮೊದಲು ಪೆಟ್ಟು ಬೀಳುವುದು ಅವರಿಗೆ, ಹಾಡಿಯಲ್ಲಿರುವ ಆದಿವಾಸಿಗಳಿಗೆ. ಅಲರ್ಟ್ ಬಂದ ಮೆಸೇಜ್ ಮಾಲೀಕರ ಫೋನಿನಲ್ಲೇ ಉಳಿಯಬಾರದು. ಅವರಿಗೆ ಗೊತ್ತಿರುವ ಭಾಷೆಯಲ್ಲಿ, ಬಾಯಿ ಮಾತಿನಲ್ಲಿ ಹೋಗಿ ಹೇಳಿ.

ಮಕ್ಕಳು ಹೆದರುತ್ತಾರೆ. ಅವರಿಗೆ ಹೇಗೆ ಹೇಳುವುದು?

2018 ನೋಡಿದ ಮಕ್ಕಳು ಈಗಲೂ ರಾತ್ರಿ ಜೋರು ಮಳೆ ಬಂದರೆ ಏಳುತ್ತಾರೆ. ಏನೂ ಆಗಲ್ಲ ಮಲಗು ಅಂದರೆ ನಂಬುವುದಿಲ್ಲ, ಯಾಕೆಂದರೆ ಆಗಿದ್ದನ್ನು ನೋಡಿದ್ದಾರೆ. ನಾವು ಏನು ಮಾಡುತ್ತೇವೆ ಅಂತ ಹೇಳಿ. ಎಲ್ಲಿಗೆ ಹೋಗುತ್ತೇವೆ, ಯಾರು ಅಜ್ಜಿಯ ಕೈ ಹಿಡಿಯುತ್ತಾರೆ, ನಾಯಿಯನ್ನು ಯಾರು ಬಿಚ್ಚುತ್ತಾರೆ. ನನ್ನ ಮಗಳಿಗೆ ಬಾಗಿಲ ಹತ್ತಿರದ ಆ ತುರ್ತು ಡಬ್ಬಿಯ ಜವಾಬ್ದಾರಿ ಕೊಟ್ಟ ಮೇಲೆ ಅವಳು ಸಮಾಧಾನವಾಗಿ ಮಲಗುತ್ತಾಳೆ.

ನಾವು ಒಂದು ಸಣ್ಣ ಜಿಲ್ಲೆ. ನಮ್ಮಿಂದ ಭೂಮಿ ತಣ್ಣಗಾಗುತ್ತಾ?

ನಮ್ಮೊಬ್ಬರಿಂದ ಆಗುವುದಿಲ್ಲ. ಜಾಸ್ತಿ ಸುಟ್ಟವರು, ಈಗಲೂ ಸುಡುತ್ತಿರುವವರು ಬೇರೆ. ದೇಶ ದೇಶಗಳು 2015ರಲ್ಲಿ ಪ್ಯಾರಿಸ್‌ನಲ್ಲಿ ಕೊಟ್ಟ ಮಾತನ್ನು ನಡೆಸಬೇಕು. ಅದನ್ನು ಕೇಳುವ ಹಕ್ಕು ನಮಗಿದೆ. ಗ್ರಾಮಸಭೆಯಲ್ಲೂ ಕೇಳಿ: ಈ ಗುಡ್ಡಕ್ಕೆ ಲೇಔಟ್ ಅನುಮತಿ ಯಾಕೆ, ಈ ರಸ್ತೆಯ ಬರೆಗೆ ಚರಂಡಿ ಎಲ್ಲಿ? ಆದರೆ ನಮ್ಮ ಬರೆ ನಿಲ್ಲುವುದು, ನಮ್ಮ ತೋಡು ಹರಿಯುವುದು, ನಮ್ಮ ಗಿಡಕ್ಕೆ ನೆರಳಿರುವುದು ಪ್ಯಾರಿಸ್‌ನಲ್ಲಿ ತೀರ್ಮಾನ ಆಗುವುದಿಲ್ಲ.

ನಮ್ಮ ಮನೆಯಲ್ಲಿ ಮಳೆ ಮಾಪಕ ಇಲ್ಲ. ಈಗ ಶುರು ಮಾಡಬಹುದಾ?

ಇವತ್ತೇ ಮಾಡಬಹುದು. ಬಾಯಿಯೂ ಬುಡವೂ ಒಂದೇ ಅಗಲ ಇರುವ ನೆಟ್ಟಗಿನ ಡಬ್ಬಿಯಾದರೂ ಸಾಕು. ಮರ, ಗೋಡೆ, ಸೂರಿನಿಂದ ದೂರ, ಬಯಲಿನಲ್ಲಿ ಅಲುಗದಂತೆ ನಿಲ್ಲಿಸಿ. ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲ್ ಇಳಿಸಿ ನೀರಿನ ಆಳ ನೋಡಿ. 25.4 ಮಿಲಿಮೀಟರ್ ಅಂದರೆ ಒಂದು ಇಂಚು. ಮಕ್ಕಳ ಕೈಲಿ ಬರೆಸಿ. ಹೂ ಅರಳಿದ ದಿನ, ತೋಡು ಬತ್ತಿದ ದಿನ, ಮೊದಲ ಮಿಣುಕುಹುಳ ಕಂಡ ದಿನವನ್ನೂ ಪಕ್ಕದಲ್ಲಿ ಬರೆಯಿರಿ. ಮಳೆ ಬಾರದ ದಿನ ಸೊನ್ನೆ ಅಂತ ಬರೆಯಲೇಬೇಕು. ಖಾಲಿ ಬಿಟ್ಟರೆ ಮುಂದೆ ಓದುವವರಿಗೆ ಅವತ್ತು ಮಳೆ ಬರಲಿಲ್ಲವೋ, ನೀವು ಅಳೆಯಲು ಮರೆತಿರೋ ತಿಳಿಯುವುದಿಲ್ಲ.